ಸ್ವಿಚ್ ಮಾಡುವುದು ಅರ್ಧ ಕೆಲಸ: ಡಿಫೆನ್ಸ್ ಫಾರ್ವರ್ಡ್‌ಗಳು ಎನ್‌ಬಿಎ ಆಟ ಬದಲಿಸಿದ ಬಗೆ

ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಪಂದ್ಯ ನೋಡುವಾಗ ಒಂದೈದು ನಿಮಿಷ ಚೆಂಡಿನ ಮೇಲಿನ ಕಣ್ಣು ತೆಗೆದು ನೋಡಿ. ಚೆಂಡು ಬಲಗಡೆ ಇದ್ದರೆ ಎಡಗಡೆ ಪೇಂಟಿನ (ರಿಮ್ ಎಂಬ ಬುಟ್ಟಿಯ ಬಳೆಯ ಎದುರಿನ, ಬಣ್ಣ ಬಳಿದ ಆಯತದ) ಅಂಚಿನಲ್ಲಿ ಒಬ್ಬ ನಿಂತಿರುತ್ತಾನೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಒಂದು ಕೈ ಚೆಂಡಿನ ಕಡೆ, ಇನ್ನೊಂದು ಮೂಲೆಯಲ್ಲಿರುವ ತನ್ನ ಎದುರಾಳಿಯ ಕಡೆ. ಬಾಯಿಗೆ ಬಿಡುವೇ ಇಲ್ಲ, ಕೂಗುತ್ತಲೇ ಇರುತ್ತಾನೆ. ಕೋಚ್‌ಗಳು ಅವನನ್ನು ಲೋ ಮ್ಯಾನ್ ಅನ್ನುತ್ತಾರೆ. ಆ ಜಾಗದಲ್ಲಿ ನಿಲ್ಲುವವನು ಸಾಮಾನ್ಯವಾಗಿ ಫಾರ್ವರ್ಡ್, ಅಂದರೆ ಗಿಡ್ಡ, ವೇಗದ ಗಾರ್ಡ್‌ಗೂ ಅತಿ ಎತ್ತರದ ಸೆಂಟರ್‌ಗೂ ನಡುವಿನವನು: 6 ಅಡಿ 6 ಇಂಚಿನಿಂದ 6 ಅಡಿ 9 ಇಂಚಿನವರೆಗೆ ಎತ್ತರ, ನೂರು ಕಿಲೋ ಆಸುಪಾಸಿನ ಮೈ, ಎತ್ತರವನ್ನೂ ಮೀರಿದ ತೋಳಿನ ಅಳತೆ (ಎರಡೂ ತೋಳು ಚಾಚಿದಾಗ ತುದಿಯಿಂದ ತುದಿಗೆ).

ಸ್ವಿಚ್ ಮಾಡಬಲ್ಲ (ಕಾಯುವ ಎದುರಾಳಿಯನ್ನು ಆಟದ ನಡುವೆಯೇ ಅದಲುಬದಲು ಮಾಡಿಕೊಳ್ಳಬಲ್ಲ) ಫಾರ್ವರ್ಡ್‌ಗಳು ಬಂದರು, ಆಟ ಬದಲಾಯಿತು ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೆ ನಿಂತುಬಿಡುತ್ತದೆ. ಸ್ವಿಚ್ ಟಿವಿಯಲ್ಲಿ ಎದ್ದು ಕಾಣುತ್ತದೆ. ಸ್ವಿಚ್ ಆದಮೇಲೆ ಎಲ್ಲಿ ಸೋರುತ್ತದೋ ಅಲ್ಲಿ ಹೋಗಿ ಮುಚ್ಚುವ ಕೆಲಸ ಕಾಣುವುದಿಲ್ಲ. ಈ ಫಾರ್ವರ್ಡ್‌ಗಳ ನಿಜವಾದ ಬೆಲೆ ಇರುವುದು ಆ ಎರಡನೇ ಕೆಲಸದಲ್ಲಿ ಅಂತ ನನ್ನ ಲೆಕ್ಕ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ನಿಯಮ. 2001ರವರೆಗೆ ಎನ್‌ಬಿಎಯಲ್ಲಿ ಝೋನ್ ಡಿಫೆನ್ಸ್ (ಆಟಗಾರನ ಬದಲು ಜಾಗವನ್ನು ಕಾಯುವುದು) ನಿಷಿದ್ಧ. ಡಿಫೆಂಡರ್ ಒಂದೋ ತನ್ನ ಎದುರಾಳಿಯ ಹತ್ತಿರ ಇರಬೇಕು, ಇಲ್ಲವೇ ಚೆಂಡಿದ್ದವನ ಮೇಲೆ ಪೂರ್ತಿಯಾಗಿ ಡಬಲ್ ಟೀಮ್‌ಗೆ (ಇಬ್ಬರು ಸೇರಿ ಒಬ್ಬನನ್ನು ತಡೆಯಲು) ಹೋಗಬೇಕು. ನಡುವೆ ಎಲ್ಲೋ ನಿಂತು ಎರಡೂ ಕಡೆ ಕಾಯುವುದು ತಪ್ಪು. ಹಾಗಿದ್ದರೂ ಶಿಕಾಗೊದ ಸ್ಕಾಟಿ ಪಿಪ್ಪನ್ ಅಂಥವರು ಇದ್ದರು. 1991ರ ಫೈನಲ್ಸ್‌ನ ಎರಡನೇ ಪಂದ್ಯದಲ್ಲಿ ಮೈಕೆಲ್ ಜೋರ್ಡನ್ ಬೇಗನೆ ಫೌಲ್‌ಗೆ ಸಿಕ್ಕಿಕೊಂಡಾಗ, 6 ಅಡಿ 8 ಇಂಚಿನ ಪಿಪ್ಪನ್ ಹೋಗಿ ಮ್ಯಾಜಿಕ್ ಜಾನ್ಸನ್‌ಗೆ ಅಂಟಿಕೊಂಡರು. ಲೇಕರ್ಸ್ ಆಟದ ಓಟವೇ ಕುಂಟಿತು. ಆದರೂ ಅದು ಒಬ್ಬ ಒಬ್ಬನನ್ನು ಕಟ್ಟಿಹಾಕುವ ಕೆಲಸ. 2001-02ರ ಋತುವಿನಲ್ಲಿ ಝೋನ್‌ಗೆ ಅನುಮತಿ ಸಿಕ್ಕಿತು, ಜೊತೆಗೇ ಡಿಫೆನ್ಸಿಗೂ ಮೂರು ಸೆಕೆಂಡಿನ ನಿಯಮ ಬಂತು: ಕೈಯಳತೆಯಲ್ಲಿ ಯಾರನ್ನೂ ಕಾಯದೆ ಪೇಂಟಿನಲ್ಲಿ ಮೂರು ಸೆಕೆಂಡ್ ನಿಂತರೆ ಟೆಕ್ನಿಕಲ್ ಫೌಲ್, ಎದುರಾಳಿಗೆ ಒಂದು ಫ್ರೀ ಥ್ರೋ, ಚೆಂಡೂ ಅವರದ್ದೇ. ಲೋ ಮ್ಯಾನ್ ಆ ಕಾಲನ್ನು ಒಳಗೆ ಹೊರಗೆ ಆಡಿಸುತ್ತಲೇ ಇರುವುದು ಇದಕ್ಕೇ. 2.9 ಎಣಿಸುತ್ತಾನೆ, ಹೊರಗೆ ಬರುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ. (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮಗಳಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿ ಎತ್ತರದ ಸೆಂಟರ್ ರಿಮ್ ಕೆಳಗೆ ಠಿಕಾಣಿ ಹೂಡಬಹುದು. ಎನ್‌ಬಿಎಯಲ್ಲಿ ಹೊಳೆಯುವ ಎಷ್ಟೋ ಫಾರ್ವರ್ಡ್‌ಗಳ ಬೆಲೆ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಸ್ವಲ್ಪ ಇಳಿಯುವುದಕ್ಕೆ ಇದೂ ಒಂದು ಕಾರಣ.) 2004-05ರಲ್ಲಿ ಹೊರವಲಯದಲ್ಲಿ ಕೈಯಿಟ್ಟು ತಡೆಯುವುದರ ಮೇಲೆ ರೆಫ್ರಿಗಳು ಬಿಗಿ ಹಿಡಿದರು. ವೇಗದ ಗಾರ್ಡ್‌ನನ್ನು ಒಬ್ಬನೇ ತಡೆಯುವುದು ಅಲ್ಲಿಂದಾಚೆಗೆ ಕಷ್ಟವಾಯಿತು. ಮೊದಲ ಡಿಫೆಂಡರ್ ಸೋಲುತ್ತಾನೆ ಅಂತ ಮೊದಲೇ ಲೆಕ್ಕ ಹಾಕಿ, ಹಿಂದೆ ಯಾರು ನಿಲ್ಲಬೇಕು ಅಂತ ಯೋಚಿಸುವ ಕಾಲ ಬಂತು.

ಅಂಗಳದ ಅಳತೆ ಒಂದು ಸಲ ನೋಡಿಕೊಳ್ಳೋಣ. ಪೇಂಟಿನ ಅಗಲ 16 ಅಡಿ, ಅಂದರೆ ರಿಮ್‌ನ ನಡುವಿನಿಂದ ಅಂಚಿಗೆ 8 ಅಡಿ. ಮೂಲೆಯ ಮೂರು ಪಾಯಿಂಟ್ ಗೆರೆ ರಿಮ್‌ನಿಂದ 22 ಅಡಿ. ಅಂಚಿನಲ್ಲಿ ನಿಂತ ಲೋ ಮ್ಯಾನ್‌ಗೂ ಮೂಲೆಯ ಗೆರೆಗೂ ನಡುವೆ ಉಳಿಯುವುದು 14 ಅಡಿ. ಎದುರು ಬದಿಯಿಂದ ಮೂಲೆಗೆ ಎಸೆದ ಪಾಸ್ ಗಾಳಿಯಲ್ಲಿರುವುದು ಒಂದು ಸೆಕೆಂಡ್ ಆಸುಪಾಸು. ಅಷ್ಟರಲ್ಲಿ ಅವನು ರೋಲ್ ಆಗಿ (ರಿಮ್ ಕಡೆ ತಿರುಗಿ ಓಡಿ) ಬರುವ ದೈತ್ಯನನ್ನು ತಡೆದಿರಬೇಕು, ತಿರುಗಿರಬೇಕು, 14 ಅಡಿ ಓಡಿರಬೇಕು, ಕೊನೆಯ ಎರಡು ಮೂರು ಹೆಜ್ಜೆ ಚಿಕ್ಕದಾಗಿಸಿ ಕೈ ಎತ್ತಿರಬೇಕು. ಗಿಡ್ಡ ಗಾರ್ಡ್‌ಗೆ ಮೊದಲ ಕೆಲಸ ಆಗುವುದಿಲ್ಲ, ಹಳೆಯ ಕಾಲದ ಸೆಂಟರ್‌ಗೆ ಕೊನೆಯದು ಆಗುವುದಿಲ್ಲ. ನಾಲ್ಕನ್ನೂ ಮಾಡುವವನು ಫಾರ್ವರ್ಡ್.

ಹತ್ತಿರದಿಂದ ನೋಡಿದರೆ ಆ ಕೆಲಸ ಹೀಗಿರುತ್ತದೆ. ಸ್ಕ್ರೀನ್ ಹಾಕಿದ (ಚೆಂಡಿದ್ದವನನ್ನು ಕಾಯುವವನ ದಾರಿಗೆ ಅಡ್ಡ ನಿಂತ) ಸೆಂಟರ್ ರಿಮ್ ಕಡೆ ಹೊರಟು ಫ್ರೀ ಥ್ರೋ ಗೆರೆ ದಾಟುವ ಹೊತ್ತಿಗೆ ಲೋ ಮ್ಯಾನ್ ಒಳಗೆ ಬಂದು ಎದೆ ಕೊಟ್ಟು ಅವನ ಓಟ ಮುರಿಯುತ್ತಾನೆ. ಇದಕ್ಕೆ ಟ್ಯಾಗ್ ಅನ್ನುತ್ತಾರೆ. ಅರ್ಧ ಸೆಕೆಂಡಿನ ಕೆಲಸ. ಕೈ ಚಾಚಿ ಹಿಡಿದರೆ ಫೌಲ್, ಆದ್ದರಿಂದ ಎದೆ ಅಥವಾ ಮಡಚಿದ ಮುಂಗೈ ಮಾತ್ರ. ಲಾಬ್ (ರಿಮ್ ಬಳಿ ಎತ್ತರಕ್ಕೆ ಎಸೆದ) ಪಾಸ್ ಬಂದೇಬಿಟ್ಟರೆ ರಿಮ್ ಕೆಳಗಿನ 4 ಅಡಿ ತ್ರಿಜ್ಯದ ಅರ್ಧವೃತ್ತದ ಹೊರಗೇ ಅವನನ್ನು ಎದುರುಗೊಳ್ಳಬೇಕು, ನೇರ ಮೇಲಕ್ಕೆ ಹಾರಬೇಕು. ಆ ಅರ್ಧವೃತ್ತದೊಳಗೆ ನಿಂತು ಚಾರ್ಜ್ (ಡಿಕ್ಕಿ ಹೊಡೆದ ದಾಳಿಗಾರನ ಮೇಲೆ ಫೌಲ್) ಕೇಳಿದರೆ ರೆಫ್ರಿ ಕೊಡುವುದಿಲ್ಲ.

ಇಲ್ಲಿ ಕೆಡುವುದು ಹೆಚ್ಚಾಗಿ ಹೊತ್ತು ತಪ್ಪಿದ್ದರಿಂದ. ಬೇಗ ಹೋದರೆ ಚೆಂಡಿದ್ದವನು ಅದನ್ನೇ ಕಾಯುತ್ತಿರುತ್ತಾನೆ, ಮೂಲೆಗೆ ಎಸೆಯುತ್ತಾನೆ. ತಡವಾದರೆ ಡಂಕ್. ಹೊತ್ತು ಸರಿಯಿದ್ದರೂ ಸೊಂಟ ಪೂರ್ತಿ ಚೆಂಡಿನ ಕಡೆ ತಿರುಗಿಬಿಟ್ಟರೆ ಮೂಲೆಯಲ್ಲಿದ್ದವನು ಬೆನ್ನ ಹಿಂದಿನಿಂದ ಒಳನುಗ್ಗುತ್ತಾನೆ. ಮೂಲೆಗೆ ವಾಪಸ್ ಓಡುವುದು ಆಗದು ಅನಿಸಿದಾಗ ಎಕ್ಸ್-ಔಟ್: ಮೇಲೆ ವಿಂಗ್‌ನಲ್ಲಿರುವ (ಮೂಲೆಗಿಂತ ಮೇಲೆ, ಅಂಗಳದ ಬದಿಯಲ್ಲಿರುವ) ಸಹ ಆಟಗಾರ ಮೂಲೆಗೆ ಇಳಿಯುತ್ತಾನೆ, ಲೋ ಮ್ಯಾನ್ ಅವನು ಬಿಟ್ಟ ಆಟಗಾರನ ಕಡೆ ಮೇಲಕ್ಕೆ ಹೋಗುತ್ತಾನೆ. ಇಬ್ಬರ ಓಟದ ದಾರಿ ಒಂದನ್ನೊಂದು ಕತ್ತರಿಸುತ್ತದೆ. ಇಬ್ಬರಲ್ಲಿ ಒಬ್ಬ ಬಾಯಿ ತೆರೆಯದಿದ್ದರೆ ಇಬ್ಬರೂ ಒಂದೇ ಕಡೆ ಓಡುತ್ತಾರೆ. ಪ್ಲೇಆಫ್‌ನಲ್ಲಿ ಪೂರ್ತಿ ಖಾಲಿ ಬಿದ್ದ ಮೂರು ಪಾಯಿಂಟ್ ಶಾಟ್ ಕಂಡರೆ, ಅವುಗಳಲ್ಲಿ ಹಲವು ಇಂಥ ಮೌನದಿಂದ ಬಂದವು.

ಈಗ ಸ್ವಿಚ್. 2015ರ ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 1-2 ಹಿಂದಿದ್ದ ಗೋಲ್ಡನ್ ಸ್ಟೇಟ್ ನಾಲ್ಕನೇ ಪಂದ್ಯಕ್ಕೆ ಸೆಂಟರ್ ಆಂಡ್ರೂ ಬೋಗಟ್ ಅವರನ್ನು ಕೂರಿಸಿ, ಆ ಋತುವಿನಲ್ಲಿ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆರಂಭದಿಂದ ಆಡದ ಆಂಡ್ರೆ ಇಗ್ವಾಡಾಲಾ ಅವರನ್ನು ಇಳಿಸಿತು. ಡ್ರೇಮಂಡ್ ಗ್ರೀನ್ ಸೆಂಟರ್ ಆದರು. 2012ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವ ಸರದಿ) 35ನೆಯವರಾಗಿ ಆಯ್ಕೆಯಾದ ಈತನ ಎತ್ತರ 6 ಅಡಿ 6 ಇಂಚು, ತೋಳಿನ ಅಳತೆ 7 ಅಡಿ 1 ಇಂಚು. ಪಂದ್ಯ 103-82ರಲ್ಲಿ ಮುಗಿಯಿತು. ಇದರಲ್ಲಿ ಮರೆತುಹೋದ ಒಂದು ಸಂಗತಿಯಿದೆ: ಅದೇ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್‌ನ 7 ಅಡಿ 1 ಇಂಚಿನ ಟಿಮೊಫೆ ಮಾಜ್‌ಗವ್ 28 ಪಾಯಿಂಟ್ ಹೊಡೆದರು. ಗಿಡ್ಡ ತಂಡದ ಮೇಲೆ ಎತ್ತರದವನು ಏನು ಮಾಡಬೇಕೋ ಅದನ್ನು ಮಾಡಿದರು, ತಂಡ 21 ಪಾಯಿಂಟ್‌ಗಳಿಂದ ಸೋತಿತು. ಮುಂದಿನ ಪಂದ್ಯದಲ್ಲಿ ಅವರು ಬಹುಪಾಲು ಹೊತ್ತು ಬೆಂಚಿನಲ್ಲಿದ್ದರು. ಒಳಗೆ ಎರಡು ಪಾಯಿಂಟ್ ಬಿಟ್ಟುಕೊಟ್ಟರೂ ಪರವಾಗಿಲ್ಲ, ನಿಮ್ಮ ಸೆಂಟರ್ ನಮ್ಮ ಕಡೆ ಬಂದು ಹೊರಗೆ ಓಡಾಡಿ ತೋರಿಸಲಿ ಎಂಬ ಪಂಥ ಅದು. ಇಗ್ವಾಡಾಲಾ ಫೈನಲ್ಸ್ ಎಂವಿಪಿ (ಅತ್ಯಮೂಲ್ಯ ಆಟಗಾರ) ಆದರು. ಪ್ರಶಸ್ತಿಗಳ ಲೆಕ್ಕವೂ ಇದೇ ಹೊತ್ತಿಗೆ ತಿರುಗಿತು: ವರ್ಷದ ಡಿಫೆನ್ಸಿವ್ ಆಟಗಾರ ಪ್ರಶಸ್ತಿ 2009ರಿಂದ 2014ರವರೆಗೆ ಆರೂ ವರ್ಷ ಸೆಂಟರ್‌ಗಳಿಗೆ ಹೋಗಿತ್ತು. 2015, 2016ರಲ್ಲಿ ಕವಾಯ್ ಲೆನರ್ಡ್, 2017ರಲ್ಲಿ ಗ್ರೀನ್.

ಸ್ವಿಚ್ ಅಂದರೆ ಸ್ಕ್ರೀನ್ ಬಿದ್ದಾಗ ಇಬ್ಬರು ಡಿಫೆಂಡರ್‌ಗಳು ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳುವುದು, ಅಷ್ಟೇ ತಾನೇ ಅನಿಸಬಹುದು. ಸೋಮಾರಿ ಸ್ವಿಚ್‌ಗೂ ಸರಿಯಾದದ್ದಕ್ಕೂ ಒಂದು ಹೆಜ್ಜೆಯ ಅಂತರ. ಚೆಂಡಿನ ಕಡೆ ಬರುವವನು ಸ್ಕ್ರೀನ್ ಇರುವ ಮಟ್ಟಕ್ಕೆ ಮುಂದಕ್ಕೆ ಹೆಜ್ಜೆ ಇಡಬೇಕು. ಅರ್ಧ ಹೆಜ್ಜೆ ಹಿಂದೆ ನಿಂತರೂ ಗೋಲ್ಡನ್ ಸ್ಟೇಟ್‌ನ ಗಾರ್ಡ್ ಸ್ಟೆಫ್ ಕರಿ ತರಹದವರಿಗೆ ಶಾಟ್ ಹೊಡೆಯಲು ಅದೇ ಬೇಕಾದಷ್ಟು. ಇತ್ತ ಸ್ಕ್ರೀನಿಗೆ ಸಿಕ್ಕ ಗಾರ್ಡ್ ಸುಮ್ಮನೆ ನಿಲ್ಲದೆ, ರೋಲ್ ಆಗುವವನಿಗೂ ಚೆಂಡಿಗೂ ನಡುವೆ ತೂರಿಕೊಳ್ಳಬೇಕು. ಅವನ ಬೆನ್ನಿಗೆ ಬಿದ್ದರೆ ಪಾಸ್ ಸಲೀಸು. ಕೂಗು ಸ್ಕ್ರೀನ್ ತಾಗುವುದಕ್ಕೆ ಮೊದಲೇ ಬರಬೇಕು. ತಾಗಿದ ಮೇಲೆ ಕೂಗಿದರೆ ಇಬ್ಬರೂ ಚೆಂಡಿನ ಹಿಂದೆ ಹೋಗುತ್ತಾರೆ.

ಸ್ವಿಚ್ ಆಯಿತು, ಈಗ 6 ಅಡಿ 2 ಇಂಚಿನ ಗಾರ್ಡ್ ಎದುರಾಳಿಯ ಸೆಂಟರ್‌ಗೆ ಎದುರಾಗಿ ಸಿಕ್ಕಿಬಿದ್ದಿದ್ದಾನೆ. ಫಾರ್ವರ್ಡ್‌ನ ಎರಡನೇ ಕೆಲಸ ಶುರುವಾಗುವುದು ಇಲ್ಲಿ. ಎದುರು ಬದಿಯಲ್ಲಿರುವ ಫಾರ್ವರ್ಡ್ ಓಡಿ ಬಂದು ಗಾರ್ಡ್‌ನನ್ನು ಬದಿಗೆ ತಳ್ಳಿ, ‘ಹೋಗು’ ಅಂತ ಕೂಗಿ, ಸೆಂಟರ್‌ನನ್ನು ತಾನು ತೆಗೆದುಕೊಳ್ಳುತ್ತಾನೆ. ಗಾರ್ಡ್ ಹೊರಗೆ ಓಡಿ ಫಾರ್ವರ್ಡ್ ಬಿಟ್ಟುಬಂದವನನ್ನು ಹಿಡಿಯುತ್ತಾನೆ. ಇದು ಸ್ಕ್ರ್ಯಾಮ್ ಸ್ವಿಚ್. ಇದಕ್ಕೆ ಸರಿಯಾದ ಹೊತ್ತು ಒಂದೇ: ಮೇಲಿನಿಂದ ವಿಂಗ್ ಕಡೆಗೆ ಹೋಗುವ ಪಾಸ್ ಗಾಳಿಯಲ್ಲಿರುವಾಗ. ಆ ಕ್ಷಣಕ್ಕೆ ಎಲ್ಲರ ಕಣ್ಣು ಚೆಂಡಿನ ಮೇಲೆ, ಒಳಗೆ ಪಾಸ್ ಎಸೆಯಲು ಯಾರ ಕೈಯಲ್ಲೂ ಚೆಂಡಿಲ್ಲ. ಚೆಂಡು ಒಳಗೆ ಬಂದ ಮೇಲೆ ಸ್ಕ್ರ್ಯಾಮ್‌ಗೆ ಹೋದರೆ ಇಬ್ಬರು ಒಬ್ಬನ ಮೇಲೆ, ಮೂರು ಜನ ನಾಲ್ವರ ಮೇಲೆ. ಆಗ ಅದನ್ನು ಬಿಟ್ಟು, ಸೆಂಟರ್ ಡ್ರಿಬಲ್ ಮಾಡಲು ಚೆಂಡು ಕೆಳಗಿಳಿಸಿದಾಗ ಪಕ್ಕದಿಂದ ಕೈ ಹಾಕಿ ಕೆಣಕುವುದು ಲೇಸು.

ಇದಕ್ಕಿಂತ ಜಾಣತನದ್ದು ಪ್ರೀ-ಸ್ವಿಚ್. ಎದುರಾಳಿಗಳು ನಮ್ಮ ದುರ್ಬಲ ಡಿಫೆಂಡರ್ ಕಾಯುತ್ತಿರುವವನನ್ನೇ ಸ್ಕ್ರೀನ್‌ಗೆ ಕರೆಯುತ್ತಾರೆ. 2016ರ ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್, ಕೈರಿ ಅರ್ವಿಂಗ್ ಇಬ್ಬರೂ ಕರಿಯನ್ನು ಹೀಗೆ ಮತ್ತೆ ಮತ್ತೆ ಎಳೆದು ತಂದರು. ಪ್ರೀ-ಸ್ವಿಚ್‌ನಲ್ಲಿ ಆ ಸ್ಕ್ರೀನರ್ ಮೇಲಕ್ಕೆ ಬರುವ ದಾರಿಯಲ್ಲೇ ಫಾರ್ವರ್ಡ್ ‘ನೀನು ಇಲ್ಲೇ ಇರು’ ಅಂತ ಗಾರ್ಡ್‌ಗೆ ಹೇಳಿ ಅವನನ್ನು ತಾನು ಹಿಂಬಾಲಿಸುತ್ತಾನೆ. ಸ್ಕ್ರೀನ್ ಬಿದ್ದಾಗ ಸ್ವಿಚ್ ಆಗುವುದು ಬಲಿಷ್ಠನ ಜೊತೆ. ಎದುರಾಳಿ ಮತ್ತೆ ಮೊದಲಿಂದ ಶುರುಮಾಡಬೇಕು, 24 ಸೆಕೆಂಡಿನ ಗಡಿಯಾರದಲ್ಲಿ ಐದಾರು ಸೆಕೆಂಡ್ ಹೋಗಿರುತ್ತದೆ. ಅಂಕಿಪಟ್ಟಿಯಲ್ಲಿ ಇದು ಯಾರ ಹೆಸರಿಗೂ ಬರುವುದಿಲ್ಲ.

ಅಂಕಿಗಳ ಮಾತು ಬಂತು ಅಂತ ಹೇಳುತ್ತೇನೆ: ಸ್ಟೀಲ್ (ಚೆಂಡು ಕಸಿದದ್ದು), ಬ್ಲಾಕ್ (ಶಾಟ್ ತಡೆದದ್ದು) ನೋಡಿ ಇಂಥ ಫಾರ್ವರ್ಡ್‌ಗಳನ್ನು ಅಳೆಯಬೇಡಿ. ಯಾರ ಎದುರು ಎದುರಾಳಿ ಎಷ್ಟು ಶೇಕಡಾ ಹೊಡೆದ ಎಂಬ ಲೆಕ್ಕವೂ ನಂಬಿಕೆಗೆ ಅಷ್ಟಕ್ಕಷ್ಟೆ. ಮೂರು ಪಾಯಿಂಟ್ ಶಾಟ್ ಬೀಳುವುದು, ಬೀಳದಿರುವುದು ಬಹುಪಾಲು ಹೊಡೆಯುವವನ ಕೈಯಲ್ಲಿದೆ.

ಎಲ್ಲವನ್ನೂ ಸ್ವಿಚ್ ಮಾಡುವ ಪ್ರಯೋಗವನ್ನು ತುತ್ತತುದಿಗೆ ಒಯ್ದದ್ದು ಹ್ಯೂಸ್ಟನ್. 2017-18ರಲ್ಲಿ ಪಿ.ಜೆ. ಟಕರ್, ಟ್ರೆವರ್ ಅರಿಝಾ, ಲೂಕ್ ಬಾ ಮೂಟೆ ಅವರಂಥ ಫಾರ್ವರ್ಡ್‌ಗಳನ್ನಿಟ್ಟುಕೊಂಡು 65 ಪಂದ್ಯ ಗೆದ್ದರು, ಪ್ಲೇಆಫ್ ಸರಣಿಯಲ್ಲಿ ಗೋಲ್ಡನ್ ಸ್ಟೇಟ್ ಎದುರು 3-2 ಮುಂದಿದ್ದರು. ಸೋತ ಏಳನೇ ಪಂದ್ಯದಲ್ಲಿ ಸತತ 27 ಮೂರು ಪಾಯಿಂಟ್ ಶಾಟ್ ತಪ್ಪಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ, ಆ ಡಿಫೆನ್ಸ್ ಗೋಲ್ಡನ್ ಸ್ಟೇಟ್‌ನ ಪಾಸ್‌ಗಳ ಹರಿವನ್ನು ಒಬ್ಬೊಬ್ಬರ ಆಟವಾಗಿ ಮುರಿದದ್ದನ್ನು ನೆನೆಯುವವರು ಕಡಿಮೆ. ಆಮೇಲೆ 2020ರ ಫೆಬ್ರುವರಿಯಲ್ಲಿ ಸೆಂಟರ್ ಕ್ಲಿಂಟ್ ಕಪೇಲಾ ಅವರನ್ನೇ ಬಿಟ್ಟುಕೊಟ್ಟು, 6 ಅಡಿ 7 ಇಂಚಿನ ರಾಬರ್ಟ್ ಕವಿಂಗ್ಟನ್ ಅವರನ್ನು ತಂದು, 6 ಅಡಿ 5 ಇಂಚಿನ ಟಕರ್ ಅವರನ್ನು ಸೆಂಟರ್ ಮಾಡಿದರು. ಟಕರ್ ಕೆಳಸೊಂಟದ ಬಲದಿಂದ ಯಾರನ್ನೂ ರಿಮ್ ಹತ್ತಿರಕ್ಕೆ ಬಿಡುತ್ತಿರಲಿಲ್ಲ, ಅದು ನಿಜ. ಆದರೆ ಅವರ ಹಿಂದೆ ರಿಮ್ ಕಾಯುವವರು ಯಾರೂ ಇರಲಿಲ್ಲ, ರಿಬೌಂಡ್ (ತಪ್ಪಿದ ಶಾಟ್‌ನಿಂದ ಪುಟಿದ ಚೆಂಡು) ಕೈತಪ್ಪುತ್ತಿತ್ತು. ಪ್ಲೇಆಫ್‌ನಲ್ಲಿ ಲೇಕರ್ಸ್ ಅವರನ್ನು 4-1ರಲ್ಲಿ ಮುಗಿಸಿದರು. ಸ್ವಿಚ್ ಮಾಡುವ ಐವರಿದ್ದರೂ ಲೋ ಮ್ಯಾನ್ ಆಗಿ ರಿಮ್ ಮೇಲೆ ಎದ್ದು ಹಾರುವವನಿಲ್ಲದಿದ್ದರೆ ಗತಿ ಇಷ್ಟೇ.

‘ಒಂದರಿಂದ ಐದರವರೆಗೆ ಯಾರನ್ನಾದರೂ ಕಾಯುತ್ತಾನೆ’ (ಗಾರ್ಡ್‌ನಿಂದ ಸೆಂಟರ್‌ವರೆಗಿನ ಐದೂ ಸ್ಥಾನದವರನ್ನು) ಎಂಬ ಹೊಗಳಿಕೆಯನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ಹೆಚ್ಚಿನವರು ಚೆನ್ನಾಗಿ ಕಾಯುವುದು ಎರಡರಿಂದ ನಾಲ್ಕನೇ ಸ್ಥಾನದವರನ್ನು. ಅತಿವೇಗದ ಗಾರ್ಡ್ ಎದುರು, 130 ಕಿಲೋ ಮೀರಿದ ಸೆಂಟರ್ ಎದುರು ಒಂದೆರಡು ಸರದಿ ನಿಭಾಯಿಸಬಹುದು, ಇಡೀ ರಾತ್ರಿ ಆಗದು. 2019ರಲ್ಲಿ ಟೊರಾಂಟೊ ಮಿಲ್ವಾಕಿ ಎದುರು 0-2 ಹಿಂದೆ ಬಿದ್ದಾಗ ಮೂರನೇ ಪಂದ್ಯದಿಂದ ಲೆನರ್ಡ್ ಅವರನ್ನು ಯಾನಿಸ್ ಆಂಟೆಟೊಕೂಂಪೊ ಮೇಲೆ ಹಾಕಿತು, ಮುಂದಿನ ನಾಲ್ಕೂ ಗೆದ್ದಿತು. 7 ಅಡಿ 3 ಇಂಚಿನ ತೋಳಿನ ಅಳತೆ ಅಲ್ಲಿ ಕೆಲಸಕ್ಕೆ ಬಂತು, ಒಂದು ಹೆಜ್ಜೆ ಹಿಂದೆ ನಿಂತೂ ಶಾಟ್‌ಗೆ ಅಡ್ಡ ಬರಬಹುದು. ಆದರೂ ಲೆನರ್ಡ್ ಹಿಂದೆ ಮಾರ್ಕ್ ಗಸೋಲ್, ಪಾಸ್ಕಲ್ ಸಿಯಾಕಮ್ ಗೋಡೆ ಕಟ್ಟಿ ನಿಂತಿದ್ದರು. ಒಬ್ಬನೇ ತಡೆದ ಅನ್ನುವುದು ಚಂದದ ಕಥೆ.

ನನಗೆ ಸ್ವಿಚ್‌ಗಿಂತಲೂ ಕುತೂಹಲ ಹುಟ್ಟಿಸುವುದು ಯಾರು ಯಾರನ್ನು ಕಾಯುತ್ತಾರೆ ಎಂಬ ಹಂಚಿಕೆಯನ್ನೇ ತಲೆಕೆಳಗು ಮಾಡುವ ತಂತ್ರ. 2015ರಲ್ಲಿ ಮೆಂಫಿಸ್ ಎದುರಿನ ಸರಣಿಯ ನಾಲ್ಕನೇ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ತನ್ನ ಸೆಂಟರ್ ಬೋಗಟ್ ಅವರನ್ನು ಗಾರ್ಡ್ ಟೋನಿ ಆಲನ್‌ಗೆ ಕಾವಲು ಹಾಕಿತು. ಆಲನ್‌ಗೆ ಹೊರಗಿಂದ ಶಾಟ್ ಇರಲಿಲ್ಲ, ಹಾಗಾಗಿ ಬೋಗಟ್ ಆಲನ್‌ರನ್ನು ಹೊರಗೇ ಬಿಟ್ಟು ಪೇಂಟಿನ ಬಳಿಯೇ ಉಳಿದರು. ಇದು ಸಾಧ್ಯವಾದದ್ದು ಗ್ರೀನ್, ಹ್ಯಾರಿಸನ್ ಬಾರ್ನ್ಸ್ ಎಂಬ ಇಬ್ಬರು ಫಾರ್ವರ್ಡ್‌ಗಳು ಝ್ಯಾಕ್ ರ‍್ಯಾಂಡಾಲ್ಫ್, ಗಸೋಲ್ ಅವರ ಭಾರ ಹೊತ್ತದ್ದರಿಂದ. 2022ರಲ್ಲಿ ಬಾಸ್ಟನ್ ಇದನ್ನೇ ಪದ್ಧತಿಯಾಗಿ ಮಾಡಿಕೊಂಡಿತು: ಆಲ್ ಹಾರ್ಫರ್ಡ್ ಮತ್ತು ಉಳಿದವರು ಮುಂದೆ ಸ್ವಿಚ್ ಮಾಡುತ್ತಿದ್ದರು, ಎತ್ತರದ ರಾಬರ್ಟ್ ವಿಲಿಯಮ್ಸ್ ಮೂಲೆಯಲ್ಲಿರುವ ಕಡಿಮೆ ಅಪಾಯದವನನ್ನು ಹೆಸರಿಗೆ ಕಾಯುತ್ತಾ ರಿಮ್ ಸುತ್ತ ಅಲೆಯುತ್ತಿದ್ದರು. ಡೆನ್ವರ್‌ನಲ್ಲಿ ಆರನ್ ಗೋರ್ಡನ್ 2023ರ ಪ್ರಶಸ್ತಿ ಓಟದಲ್ಲಿ ಕಾರ್ಲ್ ಆಂಟನಿ ಟೌನ್ಸ್, ಕೆವಿನ್ ಡುರಾಂಟ್, ಲೆಬ್ರಾನ್, ಜಿಮ್ಮಿ ಬಟ್ಲರ್ ಎಲ್ಲರನ್ನೂ ಸರದಿಯಂತೆ ಎದುರಿಸಿದರು. ತಂಡದ ಸೆಂಟರ್ ನಿಕೋಲಾ ಯೋಕಿಚ್ ಫೌಲ್ ಉಳಿಸಿಕೊಂಡು ಅಂಗಳದಲ್ಲಿರುವುದಕ್ಕೆ ಅದು ಬೇಕೇ ಬೇಕಿತ್ತು.

ಇದಕ್ಕೆ ಎದುರಾಳಿಗಳು ಕೊಟ್ಟ ಉತ್ತರಗಳೂ ಕಡಿಮೆಯವಲ್ಲ. ಮೊದಲನೆಯದು ಸ್ಲಿಪ್: ಸ್ಕ್ರೀನರ್ ಬಂದಂತೆ ಮಾಡಿ, ತಾಗುವ ಮೊದಲೇ ರಿಮ್ ಕಡೆ ಜಾರುತ್ತಾನೆ. ಇಬ್ಬರು ಡಿಫೆಂಡರ್‌ಗಳೂ ಅದಲುಬದಲಿನ ಗುಂಗಿನಲ್ಲಿದ್ದರೆ ಅವನು ಒಬ್ಬಂಟಿ. ಎರಡನೆಯದು ಮೂಲೆ ಖಾಲಿ ಮಾಡುವುದು. ಪಿಕ್ ಅಂಡ್ ರೋಲ್ (ಸ್ಕ್ರೀನ್ ಹಾಕಿ ರಿಮ್ ಕಡೆ ಓಡುವ ಆಟ) ನಡೆಯುವ ಬದಿಯ ಮೂಲೆಯಲ್ಲಿ ಯಾರನ್ನೂ ನಿಲ್ಲಿಸದೆ ಮೂವರನ್ನೂ ಆಚೆ ಬದಿಗೆ ಕಳಿಸಿದರೆ, ಟ್ಯಾಗ್‌ಗೆ ಬರುವವನು ಇಡೀ ಪೇಂಟ್ ದಾಟಿ ಬರಬೇಕು. ಮೂರನೆಯದು ಸ್ವಲ್ಪ ಕುಟಿಲ: ಎದುರಾಳಿಯ ಅತ್ಯುತ್ತಮ ಲೋ ಮ್ಯಾನ್ ಯಾರನ್ನು ಕಾಯುತ್ತಿದ್ದಾನೋ ಅವನಿಂದಲೇ ಸ್ಕ್ರೀನ್ ಹಾಕಿಸುವುದು. ಗ್ರೀನ್ ತರಹದವರನ್ನು ಚೆಂಡಿನ ಹತ್ತಿರಕ್ಕೆ ಎಳೆದರೆ ರಿಮ್ ಬಳಿ ಉಳಿಯುವುದು ಗಾರ್ಡ್‌ಗಳು ಮಾತ್ರ.

ಎಲ್ಲಕ್ಕಿಂತ ದೊಡ್ಡ ಉತ್ತರ ಐವರೂ ಹೊರಗೆ ನಿಲ್ಲುವುದು. 2021ರಲ್ಲಿ ಯೂಟಾ ಎದುರಿನ ಆರನೇ ಪಂದ್ಯದಲ್ಲಿ 25 ಪಾಯಿಂಟ್ ಹಿಂದಿದ್ದ ಕ್ಲಿಪ್ಪರ್ಸ್, ಲೆನರ್ಡ್ ಗಾಯಗೊಂಡು ಹೊರಗಿದ್ದರೂ, ಫಾರ್ವರ್ಡ್ ನಿಕೋಲಾ ಬಟೂಮ್ ಅವರನ್ನು ಸೆಂಟರ್ ಜಾಗದಲ್ಲಿಟ್ಟು 131-119ರಲ್ಲಿ ಗೆದ್ದಿತು. ಆ ವರ್ಷದ ಡಿಫೆನ್ಸಿವ್ ಆಟಗಾರ ರೂಡಿ ಗೋಬೇರ್ ಡ್ರೈವ್ ತಡೆಯಲು ಒಳಗೆ ಬಂದರೆ ಅವರು ಕಾಯಬೇಕಿದ್ದ ಟೆರೆನ್ಸ್ ಮನ್ ಮೂಲೆಯಲ್ಲಿ ಖಾಲಿ. ಮನ್ 39 ಪಾಯಿಂಟ್ ಹೊಡೆದರು. ಎಲ್ಲರೂ ಬೈದದ್ದು ಗೋಬೇರ್‌ಗೆ. ಆ ವಿಡಿಯೊ ಮತ್ತೆ ನೋಡಿದರೆ ಮುಂದಿನ ನಾಲ್ವರು ಚೆಂಡನ್ನು ಎಷ್ಟು ಸುಲಭವಾಗಿ ಒಳಗೆ ಬಿಟ್ಟರು ಅನ್ನುವುದು ಕಾಣುತ್ತದೆ. ಯೂಟಾಕ್ಕೆ ಬೇಕಿದ್ದದ್ದು ಇನ್ನೊಬ್ಬ ಸೆಂಟರ್ ಆಗಿರಲಿಲ್ಲ, ಗೋಬೇರ್ ಪಕ್ಕದಲ್ಲಿ ಚೆಂಡನ್ನು ಎದೆಗೊಟ್ಟು ತಡೆಯುವ ಒಬ್ಬಿಬ್ಬರು ಉದ್ದ ತೋಳಿನ ಫಾರ್ವರ್ಡ್‌ಗಳು.

ಇಂಥ ಫಾರ್ವರ್ಡ್‌ಗಳಿಗೆ ತಂಡ ತೆರುವ ಬೆಲೆ ದಾಳಿಯಲ್ಲಿ. ಶಾಟ್ ಇಲ್ಲದವನಾದರೆ ಎದುರಾಳಿ ತನ್ನ ಸೆಂಟರ್‌ನನ್ನೇ ಅವನ ಮೇಲೆ ಹೆಸರಿಗೆ ಹಾಕಿ ಪೇಂಟಿನಲ್ಲಿ ನಿಲ್ಲಿಸುತ್ತಾನೆ. ನಮ್ಮ ಅಸ್ತ್ರ ನಮ್ಮ ಮೇಲೇ. ಇದಕ್ಕೆ ದಾರಿಗಳಿವೆ. ಶೇನ್ ಬ್ಯಾಟಿಯರ್, ಟಕರ್ ಮೂಲೆಯಲ್ಲಿ ಬೇರೂರಿ ಹೆಚ್ಚಾಗಿ ಅಲ್ಲಿಂದ ಮೂರು ಪಾಯಿಂಟ್ ಹೊಡೆದರು. ಗೋರ್ಡನ್ ರಿಮ್ ಪಕ್ಕದ ಬೇಸ್‌ಲೈನ್‌ನಲ್ಲಿ ಅಡಗಿ ಯೋಕಿಚ್ ಪಾಸ್‌ಗೆ ಒಳನುಗ್ಗುತ್ತಾರೆ. ಗ್ರೀನ್ ಅವರದ್ದು ಎಲ್ಲಕ್ಕಿಂತ ಚೆಂದ: ತನ್ನನ್ನು ಕಾಯುವವನು ದೂರ ನಿಂತಿದ್ದಾನೆ ಅಂದರೆ ಹೋಗಿ ಕರಿಗೆ ಸ್ಕ್ರೀನ್ ಹಾಕುತ್ತಾರೆ. ಸ್ವಿಚ್‌ಗೆ ಬರಬೇಕಾದವನು ದೂರದಲ್ಲಿದ್ದಾನೆ, ಕರಿ ಖಾಲಿ. ಇಬ್ಬರೂ ಕರಿಯ ಮೇಲೆ ಮುಗಿಬಿದ್ದರೆ ಗ್ರೀನ್‌ಗೆ ಫ್ರೀ ಥ್ರೋ ಗೆರೆಯ ಹತ್ತಿರ ಚೆಂಡು, ಮುಂದೆ ನಾಲ್ವರ ಮೇಲೆ ಮೂವರು. ಈ ಮೂರರಲ್ಲಿ ಒಂದೂ ಬಾರದವನು ಎಷ್ಟೇ ಒಳ್ಳೆಯ ಡಿಫೆಂಡರ್ ಆದರೂ ಪ್ಲೇಆಫ್ ನಡೆಯುವ ಮೇ ತಿಂಗಳಲ್ಲಿ ಬೆಂಚಿನಲ್ಲಿರುತ್ತಾನೆ.

ಇನ್ನೊಂದು ತಿರುವು ಈಚಿನದು. ಗಿಡ್ಡ ತಂಡಗಳ ಯುಗ ಸೆಂಟರ್‌ಗಳನ್ನು ಮುಗಿಸಿತು ಅಂದುಕೊಂಡಿದ್ದಾಗ, ಫಾರ್ವರ್ಡ್‌ಗಳೇ ಅವರನ್ನು ವಾಪಸ್ ಕರೆತಂದರು. 2021ರಲ್ಲಿ ಮಿಲ್ವಾಕಿ ಗೆದ್ದದ್ದು ಬ್ರೂಕ್ ಲೋಪೆಜ್ ಹಿಂದೆ ಸರಿದು ರಿಮ್ ಕಾಯುವಾಗ ಯಾನಿಸ್ ಉಳಿದ ಅಂಗಳವನ್ನೆಲ್ಲ ಓಡಿ ಮುಚ್ಚಿದ್ದರಿಂದ, ಡುರಾಂಟ್ ಮೇಲೆ ಟಕರ್ ಅಂಟಿಕೊಂಡಿದ್ದರಿಂದ. ಕ್ಲೀವ್‌ಲ್ಯಾಂಡ್‌ನ ಇವಾನ್ ಮೊಬ್ಲಿ 6 ಅಡಿ 11 ಇಂಚಿನ ಫಾರ್ವರ್ಡ್, ಪಕ್ಕದಲ್ಲಿ ಜ್ಯಾರೆಟ್ ಆಲನ್ ಎಂಬ ಪೂರ್ಣಪ್ರಮಾಣದ ಸೆಂಟರ್. 2024-25ರಲ್ಲಿ ತಂಡ 64 ಪಂದ್ಯ ಗೆದ್ದಿತು, ಮೊಬ್ಲಿಗೆ ಡಿಫೆನ್ಸಿವ್ ಪ್ರಶಸ್ತಿ ಬಂತು. ಇಬ್ಬರು ದೈತ್ಯರಿದ್ದರೂ ಒಬ್ಬ ಹೊರಗೆ ಓಡಬಲ್ಲ, ಅಷ್ಟು ಸಾಕು.

ಅದೇ ತಂಡವನ್ನು ಎರಡನೇ ಸುತ್ತಿನಲ್ಲಿ ಇಂಡಿಯಾನಾ 4-1ರಲ್ಲಿ ಹೊರಹಾಕಿತು. ಕ್ಲೀವ್‌ಲ್ಯಾಂಡ್‌ಗೆ ಗಾಯಗಳ ಕಾಟ ಇತ್ತು, ಆದರೂ ಇಂಡಿಯಾನಾ ಆಡಿದ ರೀತಿ ಗಮನಿಸಬೇಕಾದದ್ದು. ಬುಟ್ಟಿ ಬಿದ್ದ ಮರುಕ್ಷಣವೇ ಚೆಂಡನ್ನು ಒಳಗೆ ಹಾಕಿ, ಟೈರೀಸ್ ಹ್ಯಾಲಿಬರ್ಟನ್ ಕೈಗೆ ಕೊಟ್ಟು ಓಡುತ್ತಿದ್ದರು. ಡಿಫೆನ್ಸ್ ವಾಪಸ್ ಬರುವಾಗ ಯಾರ ಹತ್ತಿರ ಯಾರು ಸಿಕ್ಕರೋ ಅವರನ್ನೇ ಹಿಡಿಯಬೇಕು. ಪ್ರೀ-ಸ್ವಿಚ್‌ಗೆ ಬೇಕಾದ ಕೂಗಿಗೆ ಹೊತ್ತಿಲ್ಲ, ಲೋ ಮ್ಯಾನ್ ಎದುರು ಬದಿಯಲ್ಲಿ ಕಾಲು ಊರುವ ಮೊದಲೇ ಶಾಟ್ ಹೋಗಿರುತ್ತದೆ. ಕೋಚ್‌ಗಳು ಇದಕ್ಕೆ ಈಗ ಮಾಡುತ್ತಿರುವ ಉಪಾಯ ಸರಳ: ಶಾಟ್ ಹೋದ ಕ್ಷಣವೇ ಆ ಫಾರ್ವರ್ಡ್‌ಗೆ ಆಕ್ರಮಣದ ರಿಬೌಂಡ್ ಮರೆತು ನೇರವಾಗಿ ಪೇಂಟಿಗೆ ಓಡು, ನಿನ್ನ ಎದುರಾಳಿ ಯಾರೆಂದು ಅಲ್ಲಿ ನಿಂತ ಮೇಲೆ ಹುಡುಕು ಅಂತ ಹೇಳುವುದು. ಹೀಗೆ ಹೇಳಿದರೆ ಪ್ರತಿ ಪಂದ್ಯದಲ್ಲಿ ಕೆಲವು ರಿಬೌಂಡ್ ಕೈಬಿಡುತ್ತವೆ, ಗೋರ್ಡನ್ ತರಹದವರಿದ್ದರೆ ಇನ್ನೂ ಹೆಚ್ಚು. ಆ ನಷ್ಟವನ್ನು ಒಪ್ಪಬೇಕೇ ಬೇಡವೇ ಎಂಬುದರಲ್ಲಿ ಸದ್ಯಕ್ಕೆ ತಂಡಗಳ ನಡುವೆ ಒಮ್ಮತವಿಲ್ಲ.